ಗ್ಯಾಸ್ ಗೀಸರ್ ಗುಂಯ್‌ಗುಟ್ಟಿದರೆ: ಸದ್ದಿನ ಮೂಲವನ್ನು ಹುಡುಕುವ ಬಗೆ

ಕಾಸರಗೋಡಿನ ಹಳ್ಳಿಗಳಲ್ಲಿ ಬಚ್ಚಲಿನ ಹಂಡೆಯೊಲೆ ಇನ್ನೂ ಪೂರ್ತಿಯಾಗಿ ಆರಿಲ್ಲ. ಆದರೂ ಒಣ ಮಡಲು, ಸೋಗೆ, ತೆಂಗಿನ ಸಿಪ್ಪೆಗಳನ್ನು ಮಳೆಗಾಲಕ್ಕೆಂದು ಒಟ್ಟಿಡಲು ಜನವಿಲ್ಲದ ಮನೆಗಳಲ್ಲಿ, ಮಕ್ಕಳೆಲ್ಲ ಊರು ಬಿಟ್ಟು ಹಿರಿಯರಿಬ್ಬರೇ ಉಳಿದಿರುವ ಮನೆಗಳಲ್ಲಿ, ಸ್ನಾನದ ನೀರಿಗೆ ಗ್ಯಾಸ್ ಗೀಸರ್ ಬಂದು ಕುಳಿತಿದೆ. ನಲ್ಲಿ ತಿರುಗಿಸಿದ ಕೂಡಲೇ ಕಿಡಿಯ ಟಿಕ್‌ಟಿಕ್ ಸದ್ದು, ಬರ್ನರ್ ಹತ್ತಿಕೊಳ್ಳುವ ಒಂದು ಸಣ್ಣ ಭುಸ್, ಆಮೇಲೆ ಒಂದೇ ಸಮನಾದ ಮೆಲುದನಿ: ಸರಿಯಾಗಿರುವ ಗೀಸರಿನಿಂದ ಕೇಳಬೇಕಾದದ್ದು ಇಷ್ಟೇ. ಇದರ ಜೊತೆಗೆ ಹಿಂದೆ ಇಲ್ಲದ ಗುಂಯ್ ಎಂಬ ದನಿ ಸೇರಿಕೊಂಡರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಆ ಕಾರಣ ನೀರಿನ ದಾರಿಯಲ್ಲಿರಬಹುದು, ನೀರಿನ ಒತ್ತಡ ಹೆಚ್ಚಿಸಲು ಹಾಕಿಸಿದ ಬೂಸ್ಟರ್ ಪಂಪಿನಲ್ಲಿರಬಹುದು, ಬೆಂಕಿಯಲ್ಲಿರಬಹುದು ಅಥವಾ ಗೀಸರನ್ನು ತೂಗುಹಾಕಿದ ಗೋಡೆಯಲ್ಲಿಯೇ ಇರಬಹುದು. ಮೆಕ್ಯಾನಿಕ್ ಬರುವ ಮೊದಲು ಈ ನಾಲ್ಕರಲ್ಲಿ ಯಾವುದು ಎಂಬುದನ್ನು ಮನೆಯವರೇ ಬಹುಮಟ್ಟಿಗೆ ಗೊತ್ತುಮಾಡಿಕೊಳ್ಳಬಹುದು.

ಎಲ್ಲಕ್ಕಿಂತ ಮೊದಲು

ಗ್ಯಾಸಿನ ವಾಸನೆ ಇದ್ದರೆ ಸದ್ದಿನ ವಿಚಾರವನ್ನು ಅಲ್ಲಿಗೇ ಬಿಡಬೇಕು. ಯಾವ ಸ್ವಿಚ್ಚನ್ನೂ ಹಾಕದೆ, ಆರಿಸದೆ, ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು ಹೊರಗೆ ಬಂದು, ಆಮೇಲೆ ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಬೇಕು. ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಅದು ನೆಲಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಆದಕಾರಣ ಎತ್ತರದ ಬೆಳಕಿಂಡಿಯೊಂದು ತೆರೆದಿದ್ದರೆ ಸಾಕಾಗದು, ಬಾಗಿಲನ್ನೇ ತೆರೆಯಬೇಕು.

ಎರಡನೆಯ ಅಪಾಯಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಗಾಳಿ ಸಾಲದೆ ಗ್ಯಾಸ್ ಅರ್ಧಂಬರ್ಧ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಿಗಿಯಲ್ಲಿ ಅಂಟಿಕೊಳ್ಳುತ್ತದೆ. ಸ್ನಾನ ಮಾಡುತ್ತಿರುವಾಗ ತಲೆನೋವು, ತಲೆಸುತ್ತು, ವಾಕರಿಕೆ, ಕಾಲುಗಳಲ್ಲಿ ಬಲವಿಲ್ಲದಂತಾಗುವುದು, ಇವುಗಳಲ್ಲಿ ಯಾವುದೊಂದು ಕಾಣಿಸಿಕೊಂಡರೂ ನೀರನ್ನು ಹಾಗೆಯೇ ಬಿಟ್ಟು ಹೊರಗೆ ಬರಬೇಕು. ಗೀಸರಿನ ಸದ್ದಿಗೂ ಈ ವಿಷಗಾಳಿಗೂ ಸಂಬಂಧವಿದೆ, ಏಕೆಂದರೆ ಬರ್ನರ್ ಗುಂಯ್‌ಗುಡುವುದಕ್ಕೆ ಮತ್ತು ಗ್ಯಾಸ್ ಸರಿಯಾಗಿ ಉರಿಯದಿರುವುದಕ್ಕೆ ಹಲವು ಸಲ ಕಾರಣ ಒಂದೇ ಆಗಿರುತ್ತದೆ. ಮಳೆಗಾಲದಲ್ಲಿ ಇರಿಚಲು ಹೊಡೆಯುತ್ತದೆಂದು ಬಚ್ಚಲಿನ ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಕಟ್ಟುವ ಅಭ್ಯಾಸ ನಮ್ಮ ಕಡೆ ಇದೆ. ಒಳಗೆ ಗ್ಯಾಸ್ ಗೀಸರ್ ಇರುವ ಬಚ್ಚಲಿಗೆ ಹಾಗೆ ಕಟ್ಟಲೇಬಾರದು. ನಿಜಕ್ಕಾದರೆ ಗೀಸರ್ ಇರಬೇಕಾದದ್ದು ಬಚ್ಚಲಿನ ಹೊರಗೋಡೆಯಲ್ಲಿ, ಮಳೆ ತಾಗದ, ಗಾಳಿಯಾಡುವ ಜಾಗದಲ್ಲಿ. ಒಳಗಿದ್ದರೆ ಸದ್ದನ್ನು ಸರಿಪಡಿಸುವ ಖರ್ಚಿನೊಡನೆಯೇ ಅದನ್ನು ಹೊರಕ್ಕೆ ಸಾಗಿಸುವ ಖರ್ಚನ್ನೂ ಸೇರಿಸಿಕೊಳ್ಳಿರೆಂದು ಒತ್ತಿ ಹೇಳುತ್ತೇನೆ.

ಸದ್ದು ಯಾವಾಗ ಹುಟ್ಟುತ್ತದೆ, ಯಾವಾಗ ನಿಲ್ಲುತ್ತದೆ

ಸದ್ದು ಎಂಥದ್ದು ಎಂಬುದಕ್ಕಿಂತ ಯಾವಾಗ ಬರುತ್ತದೆ ಎಂಬುದು ಹೆಚ್ಚು ಉಪಯೋಗಕ್ಕೆ ಬರುವ ಮಾಹಿತಿ. ಒಬ್ಬರು ಬಚ್ಚಲಿನಲ್ಲಿ ನಲ್ಲಿ ತಿರುಗಿಸುತ್ತಿರುವಾಗ ಇನ್ನೊಬ್ಬರು ಗೀಸರಿನ ಬಳಿ ನಿಂತು ಗಮನವಿಟ್ಟು ಕೇಳಬೇಕು. ನೀರು ಹರಿಯತೊಡಗಿದ ಕ್ಷಣದಲ್ಲೇ, ಬೆಂಕಿ ಹತ್ತುವ ಮೊದಲೇ ಸದ್ದು ಬಂದರೆ ಸಂಶಯ ನೀರಿನ ಮೇಲೆ ಅಥವಾ ಪಂಪಿನ ಮೇಲೆ. ಬೆಂಕಿ ಹತ್ತಿದೊಡನೆ ಬಂದರೆ ಬರ್ನರಿನ ಮೇಲೆ. ಬೆಂಕಿ ಹತ್ತಿ ಸ್ವಲ್ಪ ಹೊತ್ತಾದ ಮೇಲೆ ಮೆಲ್ಲನೆ ಏರುತ್ತ ಹೋಗಿ, ನಲ್ಲಿ ಮುಚ್ಚಿದ ಮೇಲೂ ಕೆಲವು ಕ್ಷಣ ಉಳಿದರೆ, ಬೆಂಕಿಯ ಮೇಲೆ ಹಾದುಹೋಗುವ ತಾಮ್ರದ ಕೊಳವೆಯೊಳಗೆ ನೀರು ಅಲ್ಲಲ್ಲಿ ಕುದಿಯುತ್ತಿದೆ ಎಂದು ತಿಳಿಯಬೇಕು. ಯಾರೂ ನೀರು ಬಳಸದಿರುವಾಗಲೂ ಆಗಾಗ ಸದ್ದು ಬಂದು ಹೋಗುವುದಾದರೆ ಅದು ಗೀಸರಿನದಾಗಿರುವುದು ಅಪರೂಪ. ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುತ್ತಿದ್ದು, ಕೊಳವೆಯ ಒತ್ತಡ ಇಳಿದಾಗಲೆಲ್ಲ ಬೂಸ್ಟರ್ ಪಂಪು ತಾನಾಗಿ ಓಡುತ್ತಿರುತ್ತದೆ.

ಇನ್ನೊಂದು ಸುಳಿವೂ ಇದೆ. ಬಹುಪಾಲು ಮನೆಗಳಲ್ಲಿರುವ ಗೀಸರ್ ಎರಡು ದೊಡ್ಡ ಬ್ಯಾಟರಿ ಸೆಲ್ಲುಗಳಿಂದ ಕಿಡಿ ಹೊತ್ತಿಸಿಕೊಳ್ಳುವಂಥದ್ದು. ಅದರೊಳಗೆ ಮೋಟಾರು, ಫ್ಯಾನು ಯಾವುದೂ ಇಲ್ಲ. ಅಂಥ ಗೀಸರಿನ ಸುತ್ತ ವಿದ್ಯುತ್ ಮೋಟಾರಿನಂಥ ಏಕನಾದ ಕೇಳಿದರೆ ಅದು ಪಂಪಿನಿಂದ ಕೊಳವೆಯ ಮೂಲಕ ಹರಿದು ಬಂದ ಸದ್ದು. ಗೋಡೆಯ ಪ್ಲಗ್ಗಿಗೆ ವಯರು ಜೋಡಿಸಿರುವ, ಹೊಗೆಯನ್ನು ಫ್ಯಾನಿನಿಂದ ಹೊರದೂಡುವ ಮಾದರಿಯಾದರೆ, ಆ ಫ್ಯಾನಿನ ಬೇರಿಂಗ್ ಸವೆದಿರುವ ಅಥವಾ ರೆಕ್ಕೆಗೆ ಧೂಳು ಮೆತ್ತಿರುವ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗ್ಯಾಸ್ ಮುಚ್ಚಿ ನೀರು ಬಿಡುವ ಪರೀಕ್ಷೆ

ನೀರನ್ನೂ ಬೆಂಕಿಯನ್ನೂ ಬೇರ್ಪಡಿಸಿ ನೋಡುವುದಕ್ಕೆ ಇದಕ್ಕಿಂತ ಸುಲಭವಾದ ದಾರಿ ಇಲ್ಲ. ಸಿಲಿಂಡರಿನ ರೆಗ್ಯುಲೇಟರನ್ನು ಮುಚ್ಚಿ. ಗೀಸರಿನ ಕೆಳಗಿರುವ ಬ್ಯಾಟರಿ ಸೆಲ್ಲುಗಳನ್ನು ಹೊರತೆಗೆಯಿರಿ. ಪ್ಲಗ್ ಇರುವ ಮಾದರಿಯಾದರೆ ಪ್ಲಗ್ ಕಿತ್ತಿಡಿ. ಈಗ ಬಿಸಿನೀರಿನ ನಲ್ಲಿಯನ್ನು ದಿನವೂ ತಿರುಗಿಸುವಷ್ಟೇ ತಿರುಗಿಸಿ. ಗೀಸರಿನೊಳಗೆ ತಣ್ಣೀರು ಮಾತ್ರ ಹರಿಯುತ್ತದೆ. ಗುಂಯ್ ಎಂಬ ದನಿ ಮೊದಲಿನಂತೆಯೇ ಕೇಳಿದರೆ ಬೆಂಕಿಯ ಭಾಗವನ್ನು ಮುಟ್ಟುವ ಅಗತ್ಯವೇ ಇಲ್ಲ. ಪೂರ್ತಿ ನಿಂತರೆ ಬರ್ನರಿನತ್ತ ಅಥವಾ ಕುದಿತದತ್ತ ಹೋಗಬೇಕು.

ನೀರಿನಲ್ಲೇ ಸದ್ದಿದೆಯೆಂದು ಗೊತ್ತಾದ ಮೇಲೆ, ಬೂಸ್ಟರ್ ಪಂಪು ಇರುವ ಮನೆಯವರು ಅದರ ಸ್ವಿಚ್ಚನ್ನು ಆರಿಸಿ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ಪಂಪನ್ನು ತಪ್ಪಿಸಿ ಹೋಗುವ ಬೈಪಾಸ್ ಕೊಳವೆ ಇದ್ದರೆ ಟಾಂಕಿಯ ನೀರು ತನ್ನ ಎತ್ತರದ ಬಲದಿಂದಲೇ ಸಣ್ಣಗೆ ಇಳಿಯುತ್ತದೆ. ಆಗ ಸದ್ದು ಇಲ್ಲವೆಂದಾದರೆ ಪಂಪು ಅಥವಾ ಪಂಪು ಕೊಡುತ್ತಿರುವ ಒತ್ತಡ ಕಾರಣ. ಸದ್ದಿನ ಜಾಗವನ್ನು ಇನ್ನಷ್ಟು ಕರಾರುವಾಕ್ಕಾಗಿ ಹುಡುಕಲು ಒಣಗಿದ ಅಡಿಕೆ ದಬ್ಬೆಯ ತುಂಡೊಂದು ಸಾಕು. ಒಂದು ತುದಿಯನ್ನು ಕೊಳವೆಗೂ ಇನ್ನೊಂದು ತುದಿಯನ್ನು ಕಿವಿಯ ಹಿಂದಿನ ಎಲುಬಿಗೂ ಒತ್ತಿಹಿಡಿದು ಪಂಪಿನಿಂದ ಗೀಸರಿನವರೆಗೆ, ಗೀಸರಿನಿಂದ ನಲ್ಲಿಯವರೆಗೆ ಒಂದೊಂದೇ ಜಾಗದಲ್ಲಿ ಕೇಳುತ್ತ ಹೋದರೆ, ದನಿ ಎಲ್ಲಿ ದಪ್ಪವಾಗುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ತಿರುಗುವ ಭಾಗಗಳಿಗೆ ಮತ್ತು ವಯರುಗಳಿಗೆ ಮಾತ್ರ ಕೋಲನ್ನು ತಾಗಿಸಬಾರದು.

ನೀರಿನ ದಾರಿಯ ತೊಂದರೆಗಳು

ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ನೆಲದ ನಮ್ಮ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಮೆದು ನೀರು. ಬಯಲುಸೀಮೆಯ ಕೊಳವೆಬಾವಿಗಳಂತೆ ಬಿಳಿ ಸುಣ್ಣದ ಪದರ ಕಟ್ಟುವುದು ಇಲ್ಲಿ ಕಡಿಮೆ. ಇಲ್ಲಿ ಕೊಳವೆ ಕಟ್ಟುವುದು ಕೆಂಪು ಮಣ್ಣಿನ ನುಣ್ಣನೆಯ ಕೆಸರಿನಿಂದ ಮತ್ತು ಕಬ್ಬಿಣದಂಶವಿರುವ ಕೊಳವೆಬಾವಿಯ ನೀರಿನ ಕಂದು ಲೋಳೆಯಿಂದ. ಪೆರ್ಲ, ಬಾಯಾರು, ಎಣ್ಮಕಜೆಯ ಕಡೆ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರನ್ನು ಮನೆಗೆ ಇಳಿಸಿಕೊಂಡವರಿಗೂ, ಜೂನ್ ತಿಂಗಳ ಮೊದಲ ಮಳೆಗೆ ಬಾವಿಯ ನೀರು ಕದಡುವುದನ್ನು ಕಂಡವರಿಗೂ ಈ ಕೆಸರಿನ ಪರಿಚಯವಿದೆ. ಅದು ಟಾಂಕಿಯ ತಳದಲ್ಲಿ ಕೂತು, ನೀರಿನೊಡನೆ ಇಳಿದು, ಗೀಸರಿಗೆ ನೀರು ಒಳಹೋಗುವ ಬಾಯಿಯಲ್ಲಿರುವ ಸಣ್ಣ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಜಾಲರಿ ಅರ್ಧ ಮುಚ್ಚಿದಾಗ ನೀರು ಇರುಕಿನಲ್ಲಿ ನುಗ್ಗಿ ಅಲ್ಲಿಯೇ ಅದಿರತೊಡಗುತ್ತದೆ. ಅದು ಒಂದು ಸದ್ದು. ಒಳಗಿನ ಕೊಳವೆಗೆ ಸಾಕಷ್ಟು ನೀರು ಸಿಗದೆ ಇದ್ದ ನೀರು ಕುದಿಯತೊಡಗುತ್ತದೆ. ಅದು ಇನ್ನೊಂದು ಸದ್ದು. ಒಂದೇ ಜಾಲರಿಯಿಂದ ಎರಡೂ ಹುಟ್ಟುವುದರಿಂದ ಮೊದಲು ನೋಡಬೇಕಾದದ್ದು ಅದನ್ನೇ.

ಜಾಲರಿ ತೊಳೆಯುವುದು ಮನೆಯವರೇ ಮಾಡಬಹುದಾದ ಕೆಲಸ. ರೆಗ್ಯುಲೇಟರ್ ಮುಚ್ಚಿ, ಸೆಲ್ಲು ತೆಗೆದು, ಗೀಸರಿಗೆ ಬರುವ ನೀರಿನ ವಾಲ್ವನ್ನು ಬಂದ್ ಮಾಡಿ, ನಲ್ಲಿ ತೆರೆದು ಉಳಿದ ಒತ್ತಡವನ್ನು ಇಳಿಸಿ. ಒಳಬರುವ ತಣ್ಣೀರಿನ ಕೊಳವೆಯ ನಟ್ಟನ್ನು ಸ್ಪ್ಯಾನರಿನಿಂದ ಬಿಚ್ಚಿದರೆ ಜಾಲರಿ ಕಾಣುತ್ತದೆ. ಗ್ಯಾಸಿನ ಕೊಳವೆಯೂ ಪಕ್ಕದಲ್ಲೇ ಇರುವುದರಿಂದ ಯಾವುದು ಯಾವುದೆಂದು ಕೊಳವೆಯ ಬುಡದವರೆಗೆ ನೋಡಿ ಖಚಿತಪಡಿಸಿಕೊಂಡೇ ಸ್ಪ್ಯಾನರ್ ಹಚ್ಚಬೇಕು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಜಾಲರಿಯನ್ನು ತೊಳೆದು, ವಾಷರ್ ಹರಿದಿದ್ದರೆ ಹೊಸದನ್ನು ಹಾಕಿ, ನಟ್ಟನ್ನು ಮತ್ತೆ ಬಿಗಿಯಬೇಕು. ಶವರಿನ ತೂತುಗಳು ಕಟ್ಟಿದ್ದರೂ ಇದೇ ಫಲ ಆಗುವುದರಿಂದ ಅದನ್ನೂ ಬಿಚ್ಚಿ ತೊಳೆಯಿರಿ. ಕೊಳವೆಯ ಸಂದುಗಳಲ್ಲಿ ನೀಲಿ ಹಸಿರು ಕಲೆ ಕಂಡರೆ, ಹುಳಿಗುಣದ ನೀರು ಒಳಗಿನ ತಾಮ್ರವನ್ನು ತಿನ್ನುತ್ತಿದೆ ಎಂದರ್ಥ. ಅದನ್ನು ಮೆಕ್ಯಾನಿಕ್‌ಗೆ ತೋರಿಸಲೇಬೇಕು.

ಜಾಲರಿ ಶುಚಿಯಾದ ಮೇಲೂ ಕುದಿತದ ಗುಂಯ್ ಉಳಿದರೆ ಬೆಂಕಿಯನ್ನು ತಗ್ಗಿಸಿ ನೋಡಬೇಕು. ಇಲ್ಲಿ ಒಂದು ಲೆಕ್ಕ ತಿಳಿದಿದ್ದರೆ ಒಳ್ಳೆಯದು. ನಿಮಿಷಕ್ಕೆ 6 ಲೀಟರಿನ ಗೀಸರ್ ಎಂದರೆ ಸಾಮಾನ್ಯವಾಗಿ ಅಷ್ಟು ನೀರಿನ ಉಷ್ಣತೆಯನ್ನು 25 ಡಿಗ್ರಿಯಷ್ಟು ಏರಿಸಬಲ್ಲದ್ದು. ಅದಕ್ಕೆ ಸುಮಾರು 10.5 ಕಿಲೋವಾಟ್ ಶಾಖ ಬೇಕು. ನಮ್ಮ ಬಾವಿಯ ನೀರು ವರ್ಷದ ಬಹುಕಾಲ 26ರಿಂದ 28 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಸ್ನಾನಕ್ಕೆ 40 ಡಿಗ್ರಿ ಸಾಕು. ಅಂದರೆ ಏರಿಸಬೇಕಾದದ್ದು 14 ಡಿಗ್ರಿಯ ಒಳಗೆ. ಪೂರ್ಣ ಬೆಂಕಿಯಲ್ಲಿಟ್ಟು, ನೀರನ್ನು ಸಣ್ಣಗೆ ಬಿಟ್ಟು, ಬಕೆಟ್ಟಿನಲ್ಲಿ ತಣ್ಣೀರು ಬೆರೆಸಿಕೊಳ್ಳುವ ಕ್ರಮದಿಂದ ಗ್ಯಾಸೂ ಖರ್ಚು, ತಾಮ್ರದ ಕೊಳವೆಗೂ ಕೇಡು. ಗ್ಯಾಸಿನ ಗುಬ್ಬಿಯನ್ನು ತಗ್ಗಿಸಿ, ನೀರಿನ ಗುಬ್ಬಿಯನ್ನು ಏರಿಸಿ, ಬೇಸಿಗೆ-ಚಳಿಗಾಲದ ಗುಬ್ಬಿ ಇರುವ ಮಾದರಿಯಲ್ಲಿ ಅದನ್ನು ಬೇಸಿಗೆಗೆ ಇಟ್ಟರೆ ಎಷ್ಟೋ ಮನೆಗಳಲ್ಲಿ ಸದ್ದು ಅಲ್ಲಿಗೇ ನಿಲ್ಲುತ್ತದೆ.

ನಲ್ಲಿಯೇ ಹಾಡುವುದೂ ಉಂಟು. ಒಳಗಿನ ವಾಷರ್ ಸಡಿಲವಾದ ನಲ್ಲಿ ಒಂದು ನಿರ್ದಿಷ್ಟ ತಿರುವಿನಲ್ಲಿ ಮಾತ್ರ ಅದಿರುತ್ತದೆ, ಇನ್ನೂ ಸ್ವಲ್ಪ ತೆರೆದರೆ ಸುಮ್ಮನಾಗುತ್ತದೆ. ಬೇರೊಂದು ಬಿಸಿನೀರಿನ ನಲ್ಲಿಯಲ್ಲಿ ಸದ್ದಿಲ್ಲದಿದ್ದರೆ ವಾಷರ್ ಬದಲಿಸಿದರೆ ಮುಗಿಯಿತು.

ಪಂಪು ಮತ್ತು ವೋಲ್ಟೇಜು

ಒಂದಂತಸ್ತಿನ ಮನೆಯಲ್ಲಿ ಟಾಂಕಿ ತಾರಸಿಯ ಮೇಲೆ ನೇರವಾಗಿ ಕೂತಿದ್ದರೆ ಅದರ ತಳಕ್ಕೂ ಶವರಿಗೂ ನಡುವಿನ ಎತ್ತರ ಒಂದು ಮೀಟರಿಗಿಂತ ಹೆಚ್ಚೇನೂ ಇರುವುದಿಲ್ಲ. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುವುದರಿಂದ ಇಲ್ಲಿ ಸಿಗುವುದು ಅದರ ಹತ್ತನೆಯ ಒಂದು ಪಾಲು ಮಾತ್ರ. ಅಷ್ಟಕ್ಕೆ ಎಷ್ಟೋ ಗೀಸರುಗಳು ಹೊತ್ತಿಕೊಳ್ಳುವುದೇ ಇಲ್ಲ. ಆ ಕಾರಣಕ್ಕೆ ಬೂಸ್ಟರ್ ಪಂಪು ಹಾಕಿಸುತ್ತಾರೆ, ಮತ್ತು ಗೀಸರಿನದೆಂದು ಭಾವಿಸಿದ ಸದ್ದು ಕಡೆಗೆ ಅದರದೆಂದು ಗೊತ್ತಾಗುತ್ತದೆ.

ಪಂಪಿನ ಗುಂಯ್‌ನಲ್ಲಿ ತುರ್ತಾಗಿ ಗುರುತಿಸಬೇಕಾದದ್ದು ಒಂದಿದೆ: ಸದ್ದು ಬರುತ್ತಿದೆ, ನೀರು ಬರುತ್ತಿಲ್ಲ. ಮೋಟಾರಿಗೆ ಕರೆಂಟು ಹೋಗುತ್ತಿದೆ, ಆದರೆ ಅದು ತಿರುಗುತ್ತಿಲ್ಲ. ಈ ಸ್ಥಿತಿಯಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಸುರುಳಿಯಲ್ಲಿ ಹರಿದು ಸುರುಳಿ ಸುಟ್ಟುಹೋಗುವುದರಿಂದ ಕೂಡಲೇ ಸ್ವಿಚ್ಚು ಆರಿಸಬೇಕು. ತಿಂಗಳುಗಟ್ಟಲೆ ಬೀಗ ಹಾಕಿದ್ದ ಮನೆಗೆ ಓಣಂಗೋ ಊರಿನ ಭೂತಕೋಲಕ್ಕೋ ಬಂದವರು ಪಂಪು ಹಾಕಿದಾಗ ಹೀಗಾಗುವುದು ಹೆಚ್ಚು. ತೇವಕ್ಕೆ ಒಳಗಿನ ಭಾಗ ತುಕ್ಕು ಹಿಡಿದು ಬಿಗಿದುಕೊಂಡಿರುತ್ತದೆ. ಪ್ಲಗ್ ಕಿತ್ತು, ಮೋಟಾರಿನ ಹಿಂಬದಿಯ ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ತುಕ್ಕು ಅಥವಾ ನೀರು ತಳ್ಳುವ ಚಕ್ರವಾದ ಇಂಪೆಲರಿನಲ್ಲಿ ಸಿಕ್ಕಿದ ಕಸ ಕಾರಣ. ಸಲೀಸಾಗಿ ತಿರುಗಿಯೂ ಪಂಪು ಓಡದಿದ್ದರೆ ಮೋಟಾರನ್ನು ಹೊರಡಿಸುವ ಕೆಪಾಸಿಟರ್ ಕೆಟ್ಟಿರುವ ಸಂಭವ ಹೆಚ್ಚು. ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಶಾಕ್ ಕೊಡಬಲ್ಲದು, ಅದನ್ನು ಎಲೆಕ್ಟ್ರಿಷಿಯನ್‌ಗೆ ಬಿಡಿ. ಹೊಸದು ಹಳೆಯದರ ಮೇಲೆ ಅಚ್ಚಾದ ಅದೇ ಅಳತೆಯದಾಗಿರಬೇಕು.

ಪಂಪು ಓಡುತ್ತಿದ್ದು, ಸದ್ದು ಮಾತ್ರ ಹೆಚ್ಚಾಗಿದ್ದರೆ ದಿನದ ಯಾವ ಹೊತ್ತಿನಲ್ಲಿ ಎಂದು ನೋಡಿ. ಫೆಬ್ರವರಿಯಿಂದ ಮೇವರೆಗೆ ಅಡಿಕೆ ತೋಟಗಳಿಗೆ ನೀರು ಬಿಡುವ ಹೊತ್ತಿನಲ್ಲಿ, ಒಂದೇ ಟ್ರಾನ್ಸ್‌ಫಾರ್ಮರಿನಡಿ ಹತ್ತಾರು ಮೋಟಾರು ಓಡುವಾಗ ವೋಲ್ಟೇಜು ಇಳಿಯುತ್ತದೆ. 230 ವೋಲ್ಟಿಗೆ ಮಾಡಿದ ಸಣ್ಣ ಮೋಟಾರು ಆಗ ಏದುಸಿರುಬಿಟ್ಟಂತೆ ಗುಂಯ್‌ಗುಡುತ್ತದೆ. ಸಂಜೆ ಸದ್ದು, ನಡುರಾತ್ರಿ ಸದ್ದಿಲ್ಲ ಎಂದಾದರೆ ಕಾರಣ ಇದೇ ಇರಬಹುದು. ಎಲೆಕ್ಟ್ರಿಷಿಯನ್ನರಿಂದ ಅಳೆಸಿ, ಇಳಿತ ನಿತ್ಯದ್ದಾಗಿದ್ದರೆ ವಿದ್ಯುತ್ ಮಂಡಳಿಯ 1912 ಸಂಖ್ಯೆಗೆ ದೂರು ಕೊಡಿ. ಒಳಗೆ ಗರಗಸದಂಥ ಕರಕರ ಸದ್ದು ಸೇರಿದ್ದರೆ ಬೇರಿಂಗ್ ಸವೆದಿದೆ. ಜಲ್ಲಿ ಉರುಳಿದಂತೆ ಕೇಳಿದರೆ ಪಂಪಿಗೆ ಬರುವ ನೀರು ಸಾಲದೆ ಗಾಳಿ ಸೇರುತ್ತಿದೆ.

ಬೆಂಕಿಯದೇ ಸದ್ದಾದರೆ

ಇಲ್ಲಿ ಮನೆಯವರ ಕೆಲಸ ನೋಡುವುದು ಮತ್ತು ಕೇಳುವುದು ಮಾತ್ರ. ಕವಚ ಬಿಚ್ಚುವುದು, ಬರ್ನರಿಗೆ ಗ್ಯಾಸ್ ಚಿಮ್ಮಿಸುವ ಸಣ್ಣ ತೂತಿನ ಜೆಟ್ಟಿಗೆ ಸೂಜಿ ಹಾಕುವುದು, ಗ್ಯಾಸಿನ ಸ್ಕ್ರೂ ತಿರುಗಿಸುವುದು ಯಾವುದೂ ಬೇಡ.

ಅಡುಗೆ ಅನಿಲ ಪೂರ್ತಿಯಾಗಿ ಉರಿಯಬೇಕಾದರೆ ತನ್ನ ಗಾತ್ರದ 25ರಿಂದ 30 ಪಟ್ಟು ಗಾಳಿ ಬೇಕು. ಗಾಳಿ ಮತ್ತು ಗ್ಯಾಸಿನ ಪ್ರಮಾಣ ತಪ್ಪಿದಾಗ ಜ್ವಾಲೆ ಒಂದೆಡೆ ನಿಲ್ಲದೆ ಅದಿರುತ್ತದೆ, ಮತ್ತು ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಒಳಗಿನ ಗಾಳಿ ದನಿಗೂಡುವ ಹಾಗೆ ಆ ಅದಿರಾಟಕ್ಕೆ ಗೀಸರಿನ ತಗಡಿನ ಪೆಟ್ಟಿಗೆಯೊಳಗಿನ ಗಾಳಿಯೂ ದನಿಗೂಡುತ್ತದೆ. ಮುಂದಿನ ಸಣ್ಣ ಕಿಂಡಿಯಿಂದ ಜ್ವಾಲೆಯನ್ನು ನೋಡಿ. ನೀಲಿಯಾಗಿ, ಎಲ್ಲ ಸಾಲುಗಳಲ್ಲೂ ಸಮನಾಗಿ ನಿಂತಿದ್ದರೆ ಒಳ್ಳೆಯದು. ಹಳದಿ ನಾಲಗೆ ಚಾಚುತ್ತಿದ್ದರೆ, ಮೇಲ್ಭಾಗದ ತಗಡಿನಲ್ಲಿ ಮಸಿ ಹಿಡಿದಿದ್ದರೆ, ಬರ್ನರಿಗೆ ಗಾಳಿ ಸಾಲದು. ಆ ದಿನದಿಂದಲೇ ಗೀಸರನ್ನು ಬಳಸುವುದನ್ನು ನಿಲ್ಲಿಸಿ. ಜ್ವಾಲೆ ಬರ್ನರಿನಿಂದ ಎದ್ದು ಮೇಲೆ ತೇಲುವಂತಿದ್ದರೆ ಗ್ಯಾಸಿನ ಒತ್ತಡ ಹೆಚ್ಚಿದೆ ಅಥವಾ ಗಾಳಿ ಮಿತಿಮೀರಿದೆ.

ನಮ್ಮ ಹವೆಯಲ್ಲಿ ಬರ್ನರಿನ ಗಾಳಿದಾರಿಯನ್ನು ಕಟ್ಟುವವರು ಹೆಚ್ಚಾಗಿ ಹುಳುಗಳು. ಜೇಡ ಬಲೆ ನೇಯುತ್ತದೆ, ಕಣಜ ಮಣ್ಣಿನ ಗೂಡು ಕಟ್ಟುತ್ತದೆ, ಜಿರಲೆ ಬೆಚ್ಚಗಿನ ಜಾಗ ಹುಡುಕಿಕೊಂಡು ಬರುತ್ತದೆ. ಹೊರಗೋಡೆಯ ಗೀಸರಿನಲ್ಲಿ ಮಳೆಗಾಲ ಮುಗಿದ ಮೇಲೆ ಇದನ್ನೊಮ್ಮೆ ಶುಚಿ ಮಾಡಿಸುವುದು ವಾಡಿಕೆಯಾಗಬೇಕು. ಉಪ್ಪಳ, ಮಂಜೇಶ್ವರ, ಕುಂಬಳೆಯ ಕಡಲಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ಹೊಗೆಕೊಳವೆ ಮತ್ತು ಬರ್ನರ್ ಬೇಗ ತುಕ್ಕು ಹಿಡಿಯುತ್ತವೆ. ಹೊಗೆಕೊಳವೆಯ ಬಾಯಿ ಪಡುವಣ ಗಾಳಿಗೆ ನೇರವಾಗಿ ಒಡ್ಡಿಕೊಂಡಿದ್ದರೆ, ಬಿರುಗಾಳಿ ಬೀಸಿದಾಗ ಮಾತ್ರ ಗುಂಯ್ ಎನ್ನುವುದುಂಟು. ಅದಕ್ಕೆ ಟೋಪಿ ಹಾಕಿಸಬೇಕು. ಒಳಗೆ ಗೀಸರ್ ಇರುವ ಬಚ್ಚಲಿನಲ್ಲಿ ಎಕ್ಸಾಸ್ಟ್ ಫ್ಯಾನ್ ಓಡಿಸಿದರೆ ಅದು ಹೊಗೆಯನ್ನು ಕೊಳವೆಯಿಂದ ಒಳಕ್ಕೇ ಎಳೆದುಕೊಳ್ಳಬಹುದೆಂಬುದನ್ನು ಬಹಳ ಮಂದಿ ಯೋಚಿಸಿರುವುದಿಲ್ಲ.

ಕೊಚ್ಚಿ–ಮಂಗಳೂರು ಅನಿಲ ಪೈಪ್‌ಲೈನ್ 2021ರ ಜನವರಿ 5ರಂದು ಉದ್ಘಾಟನೆಗೊಂಡಿತು. ಅದು ಹಾದುಹೋಗಿರುವುದು ನಮ್ಮ ಜಿಲ್ಲೆಯ ಮೂಲಕವೇ. ಮುಂದೆ ಮನೆಗೆ ಕೊಳವೆ ಗ್ಯಾಸ್ ತೆಗೆದುಕೊಳ್ಳುವವರು ಒಂದು ಮಾತನ್ನು ನೆನಪಿಡಬೇಕು: ಸಿಲಿಂಡರ್ ಗ್ಯಾಸೂ ಕೊಳವೆ ಗ್ಯಾಸೂ ಬೇರೆ ಬೇರೆ ಅನಿಲಗಳು, ಅವುಗಳ ಒತ್ತಡವೂ ಜೆಟ್ಟಿನ ತೂತಿನ ಅಳತೆಯೂ ಬೇರೆ. ಜೆಟ್ಟು ಬದಲಿಸದೆ ಜೋಡಿಸಿದ ಗೀಸರ್ ಸರಿಯಾಗಿ ಉರಿಯುವುದಿಲ್ಲ, ಸದ್ದೂ ಮಾಡಬಹುದು.

ಸದ್ದು ಸಿಲಿಂಡರಿನ ಬಳಿಯೇ ಕೇಳುತ್ತಿದ್ದರೆ ರೆಗ್ಯುಲೇಟರಿನೊಳಗಿನ ಪೊರೆ ಅದಿರುತ್ತಿರಬಹುದು. ಅದನ್ನು ರಿಪೇರಿ ಮಾಡಿಸದೆ ಗ್ಯಾಸ್ ಏಜೆನ್ಸಿಯಿಂದ ಬದಲಿಸಿಕೊಳ್ಳಬೇಕು. ಅದೇ ಹೊತ್ತಿಗೆ ಕಿತ್ತಳೆ ಬಣ್ಣದ ಸುರಕ್ಷಾ ಹೋಸಿನ ಮೇಲಿನ ವರ್ಷವನ್ನೂ ಓದಿ. ಐದು ವರ್ಷ ದಾಟಿದ್ದರೆ ಅದಕ್ಕೂ ಬದಲಾವಣೆ ಬೇಕು.

ಗೋಡೆ

ಮುರಕಲ್ಲು ಮೆದು ಕಲ್ಲು. ಅದರಲ್ಲಿ ಕೊರೆದು ಕೂರಿಸಿದ, ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಗಟ್ಟ ಕಾಲಕ್ರಮದಲ್ಲಿ ಸಡಿಲವಾಗಿ, ಚಿಕ್ಕ ಅದಿರಾಟವನ್ನೂ ಗೋಡೆ ದೊಡ್ಡದು ಮಾಡಿ ಕೇಳಿಸುತ್ತದೆ. ಸದ್ದು ಬರುವಾಗ ಅಂಗೈಯಿಂದ ಗೀಸರನ್ನು ಗೋಡೆಗೆ ಮೆಲ್ಲನೆ ಒತ್ತಿ. ದನಿ ತಗ್ಗಿದರೆ ತೂತಿಗೆ ಸಿಮೆಂಟು ತುಂಬಿ ಉದ್ದನೆಯ ಗಟ್ಟ ಹಾಕಿಸಿ, ಹಿಂದೆ ರಬ್ಬರಿನ ತುಂಡು ಇಡಿಸಿ. ಕೊಳವೆ ತಗಡಿನ ಮಾಡಿಗೆ ತಾಗಿದ್ದರೆ ಅಲ್ಲೊಂದು ಕ್ಲ್ಯಾಂಪ್ ಹಾಕಿ ಬೇರ್ಪಡಿಸಿ.

ಮೆಕ್ಯಾನಿಕ್ ಬಂದಾಗ

ಮೆಕ್ಯಾನಿಕ್ ಬರುವ ದಿನ ಸದ್ದು ಬಾರದೆ ಹೋಗಬಹುದು. ಹಾಗಾಗಿ ನಲ್ಲಿ ತೆರೆಯುವುದರಿಂದ ಮುಚ್ಚಿದ ಮೇಲಿನವರೆಗೂ ಮೊಬೈಲಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಗ್ಯಾಸ್ ಮುಚ್ಚಿದಾಗ ಮತ್ತು ಪಂಪು ಆರಿಸಿದಾಗ ಏನಾಯಿತೆಂಬುದನ್ನು ಬರೆದಿಡಿ. ಬಂದವರು ಮಲಯಾಳ ಮಾತ್ರ ಬಲ್ಲವರಾದರೂ ವಿಡಿಯೋ ಅವರಿಗೆ ಅರ್ಥವಾಗುತ್ತದೆ. ಬೆಂಕಿಯ ಸದ್ದಾಗಿದ್ದರೆ ಗ್ಯಾಸಿನ ಒತ್ತಡವನ್ನು ಮಾಪಕದಿಂದ ಅಳೆಯುವಂತೆ ಕೇಳಿ. ಮನೆಬಳಕೆಯ ಸಿಲಿಂಡರಿನ ರೆಗ್ಯುಲೇಟರ್ ದಾಟಿದ ಮೇಲೆ ಅದು 30 ಮಿಲಿಬಾರಿನ ಆಸುಪಾಸಿನಲ್ಲಿರಬೇಕು. ಬರ್ನರ್, ಜೆಟ್ಟು, ತಾಮ್ರದ ಕೊಳವೆಗೆ ಶಾಖ ಮುಟ್ಟಿಸುವ ರೆಕ್ಕೆಗಳ ನಡುವಿನ ಮಸಿ ಮೂರನ್ನೂ ಶುಚಿಮಾಡಿಸಿ. ಜೆಟ್ಟಿನ ತೂತನ್ನು ದೊಡ್ಡದು ಮಾಡಿದರೆ ಬೆಂಕಿ ಜೋರಾಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಅದರಿಂದ ಹೆಚ್ಚುವುದು ವಿಷಗಾಳಿ.

ಕೆಲಸ ಮುಗಿದ ಮೇಲೆ ಅವರು ಇರುವಾಗಲೇ ಗ್ಯಾಸಿನ ಎಲ್ಲ ಸಂದುಗಳಿಗೂ ಸಾಬೂನಿನ ನೊರೆ ಹಚ್ಚಿಸಿ ಗುಳ್ಳೆ ಏಳುವುದಿಲ್ಲವೆಂದು ಕಣ್ಣಾರೆ ನೋಡಿ. ಆಮೇಲೆ ಹತ್ತು ನಿಮಿಷ ನೀರು ಬಿಟ್ಟು ಗೀಸರ್ ಓಡಿಸಿ, ಜ್ವಾಲೆಯ ಬಣ್ಣವನ್ನು ಕಿಂಡಿಯಿಂದ ಇನ್ನೊಮ್ಮೆ ಗಮನಿಸಿ, ನಲ್ಲಿ ಮುಚ್ಚಿದ ಮೇಲಿನ ಕೆಲವು ಕ್ಷಣಗಳ ಸದ್ದನ್ನೂ ಕೇಳಿಸಿಕೊಂಡೇ ಅವರಿಗೆ ಹಣ ಕೊಡಿ.